ಕ್ರೆಡಿಟ್‌ರಾಯರ ನೌಕರಿ ಯೋಗ

ಅಮೆರಿಕದ ಕೇಂದ್ರ ಸರ್ಕಾರದ ಹುದ್ದೆಗಳ ಪಟ್ಟಿಯಲ್ಲಿ 1750 ಎಂಬ ಸಂಖ್ಯೆಯ ಒಂದು ವರ್ಗವಿದೆ. ಅದರ ಹೆಸರು ಇನ್‌ಸ್ಟ್ರಕ್ಷನಲ್ ಸಿಸ್ಟಮ್ಸ್. ಸೈನಿಕನಿಗೆ ರೇಡಿಯೊ ರಿಪೇರಿಯನ್ನೋ, ಆಸ್ಪತ್ರೆಯ ನರ್ಸಿಗೆ ಹೊಸ ಯಂತ್ರದ ಬಳಕೆಯನ್ನೋ ಎದುರು ನಿಂತು ಕಲಿಸುವವನು ಬೇರೆ. ಏನನ್ನು ಕಲಿಸಬೇಕು, ಯಾವುದು ಮೊದಲು, ಯಾವುದು ಆಮೇಲೆ, ಕಲಿಸಿದ್ದು ತಲೆಗೆ ಹೋಯಿತೋ ಗೋಡೆಗೆ ಹೋಯಿತೋ ಎಂದು ತಿಳಿಯುವುದು ಹೇಗೆ, ಇಷ್ಟನ್ನೂ ಮೊದಲೇ ಕೂತು ಯೋಜಿಸಿಕೊಡುವವನು ಈ 1750ರವನು. ಈ ಕುರ್ಚಿಯ ಮೇಲೆ ಕಣ್ಣಿಟ್ಟು ವರ್ಷಗಟ್ಟಲೆ ಕಾಗದ ಜೋಡಿಸುತ್ತಾ ಕೂತಿರುವ ಒಂದು ಬಗೆಯ ಮನುಷ್ಯ ಆ ದೇಶದಲ್ಲಿದ್ದಾನೆ. ನಿವೃತ್ತ ಸಾರ್ಜೆಂಟ್ ಇರಬಹುದು, ಮಕ್ಕಳ ಗಲಾಟೆಗೆ ಸುಸ್ತಾದ ಶಾಲಾ ಮೇಷ್ಟ್ರಿರಬಹುದು, ಕಂಪನಿಯೊಂದರ ತರಬೇತುದಾರ ಇರಬಹುದು. ಗಂಡಸೋ ಹೆಂಗಸೋ, ಜಾನ್ ಎಂದೋ ಮೇರಿ ಎಂದೋ ಅವರಿಗೆ ಹೆಸರುಗಳು ಇದ್ದೇ ಇರುತ್ತವೆ. ನಮ್ಮ ಅನುಕೂಲಕ್ಕೆ ಎಲ್ಲರನ್ನೂ ಸೇರಿಸಿ ಕ್ರೆಡಿಟ್‌ರಾಯರು ಅನ್ನೋಣ. ಮುಂದೆ ಹರಡಿದ ಟ್ರಾನ್ಸ್‌ಕ್ರಿಪ್ಟು, ಕೈಯಲ್ಲಿ ಹಳದಿ ಹೈಲೈಟರು, ಬಾಯಲ್ಲಿ ಸದಾ ಕೂಡುವ ಲೆಕ್ಕ: ಇವಿಷ್ಟು ಕಂಡರೆ ರಾಯರೇ ಎಂದು ತಿಳಿಯಬಹುದು.

ಲೆಕ್ಕ ಯಾತಕ್ಕೆಂದರೆ, ಸಿಬ್ಬಂದಿ ನಿರ್ವಹಣಾ ಕಚೇರಿಯ ಅರ್ಹತಾ ನಿಯಮ ಹಾಗಿದೆ. ಪದವಿಯಲ್ಲಿ, ಅಥವಾ ಪದವಿಯ ಮೇಲೆ ಸೇರಿಸಿಕೊಂಡ ಓದಿನಲ್ಲಿ, ಈ ಕೆಲಸಕ್ಕೆ ಒಪ್ಪುವ 24 ಸೆಮಿಸ್ಟರ್ ಕ್ರೆಡಿಟ್ ಇರಬೇಕು. ಕಲಿಕೆಯ ಮನೋವಿಜ್ಞಾನ, ಬೋಧನಾ ವಿನ್ಯಾಸ, ಶೈಕ್ಷಣಿಕ ಮೌಲ್ಯಮಾಪನ, ಬೋಧನಾ ಸಾಮಗ್ರಿಯ ತಯಾರಿಕೆ, ಶಿಕ್ಷಣದಲ್ಲಿ ಕಂಪ್ಯೂಟರ್ ಎಂಬ ಐದು ಕ್ಷೇತ್ರಗಳಲ್ಲಿ ನಾಲ್ಕನ್ನಾದರೂ ಆ ಓದು ಮುಟ್ಟಿರಬೇಕು. ಸಾಮಾನ್ಯವಾಗಿ ಒಂದು ಕೋರ್ಸಿಗೆ 3 ಕ್ರೆಡಿಟ್. ಅಂದರೆ ಎಂಟು ಕೋರ್ಸು. ಕೇಳಲು ಸರಳ. ಆದರೆ ರಾಯರು ಓದಿದ ಕಾಲೇಜಿನಲ್ಲಿ ಸೆಮಿಸ್ಟರ್ ಇರಲಿಲ್ಲ, ವರ್ಷವನ್ನು ಕ್ವಾರ್ಟರುಗಳಾಗಿ ಹಂಚಿದ್ದರು. ಅಲ್ಲಿಯ ಕ್ರೆಡಿಟ್ಟಿಗೆ ಇಲ್ಲಿ ಮೂರರಲ್ಲಿ ಎರಡು ಪಾಲಷ್ಟೇ ಬೆಲೆ, ಆದ್ದರಿಂದ 24 ಬೇಕಾದರೆ ಅಲ್ಲಿ 36 ಇರಬೇಕು. ಗಂಡು ಹೆಣ್ಣಿನ ಜಾತಕ ಹೊಂದಿಸುವವರೂ 36 ಗುಣಗಳನ್ನೇ ಎಣಿಸುತ್ತಾರೆ, ಆದರೆ ಅಲ್ಲಿ 18 ಕೂಡಿದರೂ ಓಲಗ ಊದಿಸುತ್ತಾರೆ. ರಾಯರಿಗೆ 35 ಬಂದರೂ ಮುಹೂರ್ತವಿಲ್ಲ. ಇನ್ನು ಯಾವ ಕೋರ್ಸು ಯಾವ ಕ್ಷೇತ್ರಕ್ಕೆ ಸೇರಬೇಕೆಂಬುದು ಬೇರೆಯದೇ ವ್ಯಾಜ್ಯ. ‘ವಯಸ್ಕರ ಶಿಕ್ಷಣದ ತತ್ತ್ವಗಳು’ ಎಂಬ ಕೋರ್ಸನ್ನು ರಾಯರು ಮನೋವಿಜ್ಞಾನದ ಖಾನೆಯಲ್ಲಿ ಕೂರಿಸುತ್ತಾರೆ. ಸಿಬ್ಬಂದಿ ಶಾಖೆಯ ಗುಮಾಸ್ತೆ ಶೀರ್ಷಿಕೆ ನೋಡಿ ಅದನ್ನು ಎಬ್ಬಿಸುತ್ತಾಳೆ. ರಾಯರು ಹಳೆಯ ಸಿಲಬಸ್ ಹುಡುಕಿ ಲಗತ್ತಿಸುತ್ತಾರೆ. ಕೊನೆಗೆ 21ಕ್ಕೆ ನಿಂತು, ಇಪ್ಪತ್ತು ವರ್ಷದಿಂದ ಹೊಟ್ಟೆ ಹೊರೆದುಕೊಂಡು ಬಂದ ವಿದ್ಯೆಗೇ ‘ಪೀಠಿಕೆ’ ಎಂಬ ಕೋರ್ಸಿಗೆ ಫೀಸು ಕಟ್ಟಿ, ರಾತ್ರಿ ಊಟವಾದ ಮೇಲೆ ಆನ್‌ಲೈನ್ ತರಗತಿಯಲ್ಲಿ ಕೂರುತ್ತಾರೆ. ಪಾಠ ಹೇಳುವವರು ಅವರಿಗಿಂತ ಚಿಕ್ಕವರು. ರಾಯರು ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಗ್ರೇಡು ಹೋದೀತೆಂಬ ಭಯ.

ಇಷ್ಟನ್ನು ನೋಡಿ ರಾಯರನ್ನು ಕಾಗದದ ಹುಳು ಎಂದು ನಕ್ಕುಬಿಡುವುದು ಸುಲಭ. ನನ್ನ ವಾದವೇನೆಂದರೆ, ನಗಬೇಕಾದದ್ದು ರಾಯರನ್ನಲ್ಲ, ಅವರನ್ನು ಅಳೆಯುವ ಕೋಲನ್ನು. ಈ ವಿದ್ಯೆಯ ಹಿರಿಯರು ಏನು ಹೇಳಿದ್ದಾರೆ ನೋಡಿ. 1962ರಲ್ಲಿ ರಾಬರ್ಟ್ ಮೇಗರ್ ಒಂದು ಸಣ್ಣ ಪುಸ್ತಕ ಬರೆದು, ವಿದ್ಯಾರ್ಥಿ ‘ಅರ್ಥಮಾಡಿಕೊಳ್ಳುತ್ತಾನೆ’, ‘ತಿಳಿಯುತ್ತಾನೆ’ ಎಂಬಂಥ ಮಸುಕು ಗುರಿಗಳಿಂದ ಕೆಲಸವಾಗದು, ಪಾಠ ಮುಗಿದ ಮೇಲೆ ಅವನು ಏನು ಮಾಡಿ ತೋರಿಸಬಲ್ಲ, ಎಂಥ ಸನ್ನಿವೇಶದಲ್ಲಿ, ಎಷ್ಟು ಚೆನ್ನಾಗಿ ಎಂಬುದನ್ನು ಬರೆಯಬೇಕು ಎಂದು ಕಲಿಸಿದ. 1975ರಲ್ಲಿ ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದವರು ಅಮೆರಿಕದ ಸೇನೆಗಾಗಿ ತರಬೇತಿ ರೂಪಿಸುವ ಕ್ರಮವನ್ನು ಹಂತ ಹಂತವಾಗಿ ಬರೆದುಕೊಟ್ಟರು. ವಿಶ್ಲೇಷಣೆಯಿಂದ ಮೌಲ್ಯಮಾಪನದವರೆಗಿನ ಆ ಏಣಿಯ ವಂಶದ್ದೇ ಇಂದು ಈ ಕಸುಬಿನವರೆಲ್ಲ ಜಪಿಸುವ ‘ಆಡಿ’ ಮಾದರಿ. ಎಲ್ಲದರ ತಿರುಳು ಒಂದೇ: ಎಷ್ಟು ಗಂಟೆ ಕೂತ ಎಂದು ಕೇಳಬೇಡ, ಎದ್ದ ಮೇಲೆ ಏನು ಮಾಡಬಲ್ಲ ಎಂದು ಕೇಳು. ಇಂಥ ವಿದ್ಯೆಯೊಳಗೆ ಬಿಟ್ಟುಕೊಳ್ಳುವ ಬಾಗಿಲಲ್ಲಿ ಕೇಳುವುದು ಎಷ್ಟು ಗಂಟೆ ಕೂತಿದ್ದೆ ಎಂದು! ಕ್ರೆಡಿಟ್ ಎಂದರೆ ಕೂತ ಗಂಟೆಯಲ್ಲದೆ ಮತ್ತೇನು? ಅದರ ಹುಟ್ಟಾದರೂ ಕಲಿಕೆಯ ಚಿಂತೆಯಿಂದ ಆದದ್ದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಕಾರ್ನೆಗಿ ಪ್ರತಿಷ್ಠಾನ ಪ್ರೊಫೆಸರುಗಳಿಗೆ ಪಿಂಚಣಿ ಕೊಡಲು ಹೊರಟಾಗ, ಯಾವ ಕಾಲೇಜು ನಿಜವಾದ ಕಾಲೇಜು ಎಂದು ಗೊತ್ತುಮಾಡಲು, ಅಲ್ಲಿ ಸೇರುವ ಹುಡುಗ ಹೈಸ್ಕೂಲಿನಲ್ಲಿ ಇಂತಿಷ್ಟು ಗಂಟೆ ಓದಿರಬೇಕೆಂಬ ಮಾನದಂಡ ಹಾಕಿತು. ಕಾಲೇಜುಗಳು ಪಿಂಚಣಿಯ ಆಸೆಗೆ ಒಪ್ಪಿದವು. ಮೇಷ್ಟ್ರುಗಳ ಮುಪ್ಪಿನ ಊಟಕ್ಕೆ ಹಾಕಿದ ಆ ಲೆಕ್ಕದ ಸಂತಾನವೇ ಈಗ ರಾಯರ ಮಧ್ಯವಯಸ್ಸನ್ನು ಕಾಡುತ್ತಿದೆ.

ಕ್ರೆಡಿಟ್ಟಿನ ಗಂಡಾಂತರ ಕಳೆದರೆ ಮುಂದಿನದು ಪ್ರಶ್ನಾವಳಿ. ಇಂಥಿಂಥ ಕೆಲಸದಲ್ಲಿ ನಿಮ್ಮ ಅನುಭವ ಎಷ್ಟು ಎಂದು ಕೇಳಿ ಕೆಳಗೆ ಆಯ್ಕೆಗಳನ್ನು ಕೊಟ್ಟಿರುತ್ತಾರೆ. ಮೊದಲನೆಯದು ಅನುಭವವಿಲ್ಲ ಎಂಬುದು. ಕೊನೆಯದು, ನಾನು ಇದರಲ್ಲಿ ನಿಷ್ಣಾತ, ಉಳಿದವರು ನನ್ನನ್ನೇ ಕೇಳುತ್ತಾರೆ ಎಂಬ ಧಾಟಿಯದು. ಕೊನೆಯದನ್ನು ಗುರುತು ಹಾಕದವನ ಅರ್ಜಿ ಮುಂದಕ್ಕೆ ಹೋಗುವುದು ಕಷ್ಟ ಎಂಬುದು ಅಲ್ಲಿ ಅರ್ಜಿ ಹಾಕುವವರೆಲ್ಲರ ನಂಬಿಕೆ. ತರಬೇತಿಯ ಫಲವನ್ನು ನಾಲ್ಕು ಮಟ್ಟಗಳಲ್ಲಿ ಅಳೆಯಬೇಕೆಂದು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆದದ್ದು ರಾಯರಿಗೆ ಬಾಯಿಪಾಠ. ಅದರಲ್ಲಿ ‘ನನಗೆ ಹಿಡಿಸಿತು’ ಎಂದು ಕಲಿತವನು ತಾನೇ ಹೇಳಿಕೊಳ್ಳುವುದು ತೀರ ಕೆಳಗಿನ ಮಟ್ಟ, ಅದನ್ನು ನಂಬಿ ಕೂರಬೇಡಿ ಎಂದು ಹಗಲೆಲ್ಲ ಬೇರೆಯವರಿಗೆ ಉಪದೇಶಿಸುವ ರಾಯರು, ರಾತ್ರಿ ಒಂದೊಂದೇ ಪ್ರಶ್ನೆಗೆ ನಾನೇ ನಿಷ್ಣಾತ ಎಂದು ಗುರುತು ಹಾಕುತ್ತಾ ಹೋಗುತ್ತಾರೆ. ಇದನ್ನು ವಂಚನೆ ಎನ್ನಲಾಗದು. ಯಾವ ಗುಂಡಿ ಕುಕ್ಕಿದರೆ ಕಾಳು ಬೀಳುತ್ತದೆಂದು ಮನೋವಿಜ್ಞಾನಿ ಸ್ಕಿನ್ನರನ ಪ್ರಯೋಗದ ಪಾರಿವಾಳ ಕಲಿತಂತೆಯೇ ಅವರೂ ಕಲಿತಿದ್ದಾರೆ. ಆ ಅಧ್ಯಾಯಕ್ಕೂ ಅವರಿಗೆ ಕ್ರೆಡಿಟ್ ಸಿಕ್ಕಿದೆ.

ನನ್ನ ಈ ವಾದಕ್ಕೆ ಬಲವಾದ ಆಕ್ಷೇಪಣೆಯೊಂದಿದೆ. ಎಣಿಸಬಹುದಾದ ನಿಯಮ ಇಲ್ಲದಿದ್ದರೆ ಹುದ್ದೆ ಪರಿಚಯದವರ ಪಾಲಾಗುತ್ತದೆ. 1881ರಲ್ಲಿ ಅಧ್ಯಕ್ಷ ಗಾರ್ಫೀಲ್ಡ್‌ಗೆ ಗುಂಡು ಹಾರಿಸಿದವನು ಸರ್ಕಾರಿ ಹುದ್ದೆ ಸಿಗದೆ ನಿರಾಶನಾದ ಒಬ್ಬ ಆಕಾಂಕ್ಷಿ. ಆ ಆಘಾತದ ಬೆನ್ನಿಗೇ 1883ರಲ್ಲಿ ಪೆಂಡಲ್‌ಟನ್ ಕಾಯ್ದೆ ಬಂದು, ಪಕ್ಷದ ಸೇವೆಗೆ ಹುದ್ದೆಯ ಬಹುಮಾನ ಕೊಡುವ ಪದ್ಧತಿಯನ್ನು ಮುರಿಯತೊಡಗಿತು. ಅದಕ್ಕೆ ಹೋಲಿಸಿದರೆ ಹೈಲೈಟರ್ ಹಿಡಿದು ಕೂತ ಆಕಾಂಕ್ಷಿ ಎಷ್ಟೋ ವಾಸಿ. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಎಲ್ಲರಿಗೂ ಒಂದೇ ಕೋಲು ಇರಬೇಕು ಎಂಬುದರಿಂದ, ಆ ಕೋಲು ಇದೇ ಆಗಿರಬೇಕು ಎಂದು ಸಿದ್ಧವಾಗುವುದಿಲ್ಲ. ಪೆಂಡಲ್‌ಟನ್ ಕಾಯ್ದೆ ಕೇಳಿದ್ದೂ ಸ್ಪರ್ಧಾ ಪರೀಕ್ಷೆಯನ್ನು, ಅದೂ ಆ ಹುದ್ದೆಯ ಕೆಲಸಕ್ಕೆ ಸಂಬಂಧಿಸಿದ ಪರೀಕ್ಷೆಯನ್ನು. ಅನುಭವಕ್ಕೂ ದಾರಿ ಇದೆಯಲ್ಲ ಎಂದು ಇನ್ನೊಬ್ಬರು ಹೇಳಿಯಾರು. ಇದೆ, ಓದು ಮತ್ತು ಅನುಭವ ಕೂಡಿಸಿ ತೋರಿಸಬಹುದು. ಆದರೆ ಆ ದಾರಿಯಲ್ಲೂ ನಡುಮಧ್ಯೆ ಅದೇ 24ರ ಗೇಟು ನಿಂತಿದೆ. ಇಪ್ಪತ್ತು ವರ್ಷ ಪಾಠ ಹೇಳಿದವನಿಗೆಲ್ಲ ವಿನ್ಯಾಸ ಬರುತ್ತದೆಯೇ ಎಂಬುದು ಇವಕ್ಕಿಂತ ಒಳ್ಳೆಯ ಪ್ರಶ್ನೆ. ಖಂಡಿತ ಬರುವುದಿಲ್ಲ. ಒಂದೇ ವರ್ಷದ ಪಾಠವನ್ನು ಇಪ್ಪತ್ತು ಸಲ ಹೇಳಿದವರು ಎಲ್ಲ ದೇಶದಲ್ಲೂ ಇದ್ದಾರೆ, ಕ್ರೆಡಿಟ್‌ರಾಯರ ಗುಂಪಿನಲ್ಲೂ ಇದ್ದಾರೆ. ಆದರೆ ಅಂಥವರನ್ನು ಟ್ರಾನ್ಸ್‌ಕ್ರಿಪ್ಟು ಹಿಡಿದುಕೊಡುವುದಿಲ್ಲ. ಅವರಲ್ಲೂ ಎಂಟು ಕೋರ್ಸು ಮುಗಿಸಿದವರು ಬೇಕಾದಷ್ಟು ಮಂದಿ.

ಈ ಗುಂಪಿನಲ್ಲಿ ನಮ್ಮವರು ಯಾರಾದರೂ ಸೇರಿಕೊಂಡರೆ ಅವರ ಪಾಡು ಎರಡು ಪಟ್ಟು. ಮೊದಲು ಪೌರತ್ವ ಬೇಕು. ಸ್ಪರ್ಧಾತ್ಮಕ ನೇಮಕಾತಿಯ ಹುದ್ದೆಗಳನ್ನು 1976ರ ಅಧ್ಯಕ್ಷೀಯ ಆದೇಶ ಬಹುಮಟ್ಟಿಗೆ ಪೌರರಿಗೇ ಮೀಸಲಿಟ್ಟಿದೆ. ಆಮೇಲೆ ಇಲ್ಲಿಯ ಎಂ.ಎಡ್. ಪದವಿಯನ್ನು ಅಲ್ಲಿಯ ಖಾಸಗಿ ಮೌಲ್ಯಮಾಪನ ಸಂಸ್ಥೆಯೊಂದರಿಂದ, ದುಡ್ಡು ಕೊಟ್ಟು, ಅಮೆರಿಕದ ಲೆಕ್ಕಕ್ಕೆ ತಿರುಗಿಸಿಕೊಳ್ಳಬೇಕು. ವಾರ್ಷಿಕ ಪರೀಕ್ಷೆಯ ಕಾಲದ ನಮ್ಮ ಮಾರ್ಕ್ಸ್‌ಕಾರ್ಡಿನಲ್ಲಿ ಕ್ರೆಡಿಟ್ ಎಲ್ಲಿಂದ ಬರಬೇಕು? ಶೈಕ್ಷಣಿಕ ಮನೋವಿಜ್ಞಾನ, 100ಕ್ಕೆ 62 ಎಂದಷ್ಟೇ ಇರುತ್ತದೆ. ಅದಕ್ಕಾಗಿ ಎಷ್ಟು ಗಂಟೆ ಕೂತಿರಿ ಎಂದು ಕೇಳಿದರೆ, ಪರೀಕ್ಷೆಯ ಹಿಂದಿನ ರಾತ್ರಿಯದೊಂದೇ ನೆನಪಿರುವುದು.

ಮತ್ತೆ ಅಳೆಯುವ ಕೋಲಿನ ಮಾತಿಗೆ ಬಂದರೆ, 2024ರ ಕೊನೆಯಲ್ಲಿ ಸಹಿಯಾದ ‘ಚಾನ್ಸ್ ಟು ಕಂಪೀಟ್’ ಕಾಯ್ದೆ, ಅಭ್ಯರ್ಥಿ ತನ್ನನ್ನು ತಾನೇ ಹೊಗಳಿಕೊಂಡದ್ದನ್ನು ನೆಚ್ಚದೆ ಕೌಶಲವನ್ನು ಪರೀಕ್ಷಿಸಿ ನೋಡುವತ್ತ ಇಲಾಖೆಗಳನ್ನು ದೂಡುತ್ತಿದೆ. ಅದು ಈ ವರ್ಗಕ್ಕೆ ಒಪ್ಪುವಷ್ಟು ಬೇರೆ ಯಾವುದಕ್ಕೂ ಒಪ್ಪುವುದಿಲ್ಲ. ರಾಯರ ಮುಂದೆ ಒಂದು ಕೆಟ್ಟ ಪಾಠವನ್ನಿಟ್ಟು, ಅರ್ಧ ದಿನ ಕೊಟ್ಟು, ಇದನ್ನು ರಿಪೇರಿ ಮಾಡಿ ಎಂದರೆ ಸಾಕು. ನಾಲ್ಕು ಜನ ಬಲ್ಲವರು ಅದನ್ನು ನೋಡಿ ಅವರ ಯೋಗ್ಯತೆ ಹೇಳಿಬಿಡುತ್ತಾರೆ. ಅಲ್ಲಿಯತನಕ ಈ ನೌಕರಿಯ ಆಸೆ ಇರುವವರು ತಿಳಿದಿರಬೇಕಾದದ್ದು ಇಷ್ಟು: 2025ರಿಂದ ರೆಸ್ಯೂಮೆ ಎರಡು ಪುಟ ಮೀರುವಂತಿಲ್ಲ, ಆದ್ದರಿಂದ ಇಪ್ಪತ್ತು ವರ್ಷದ ಸಾಹಸಗಳನ್ನು ಅಷ್ಟರಲ್ಲೇ ಮುದುರಿಡಬೇಕು. ಟ್ರಾನ್ಸ್‌ಕ್ರಿಪ್ಟು ಕೇಳಿದ ಕಡೆ ಅದನ್ನು ಲಗತ್ತಿಸಲು ಮರೆತರೆ, 24ರ ಬದಲು 240 ಕ್ರೆಡಿಟ್ ಇದ್ದರೂ ಅರ್ಜಿ ತಿರಸ್ಕೃತ.