ಕಾಸಿನ ಕುಲಗೋತ್ರ

ಅಮೆರಿಕದ ಯಾವ ನಾಣ್ಯಮೇಳಕ್ಕೆ ಹೋದರೂ ಈತ ಇದ್ದೇ ಇರುತ್ತಾನೆ. ಚಿನ್ನ ಬೆಳ್ಳಿ ಮಿನುಗುವ ಗಾಜಿನ ಪೆಟ್ಟಿಗೆಗಳನ್ನು ಕಣ್ಣೆತ್ತಿಯೂ ನೋಡದೆ ನೇರ ಮೂಲೆಯ ಮೇಜಿಗೆ ನಡೆದು, ಸವೆದ ಕಾಸುಗಳನ್ನು ಸುರಿದಿಟ್ಟ ಡಬ್ಬಿಗೆ ಕೈ ಹಾಕುತ್ತಾನೆ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ, ಜೇಬಿನಲ್ಲಿ ಮೆತ್ತನೆಯ ಕುಂಚ, ಕಂಕುಳಲ್ಲಿ ರಟ್ಟು ಕಿತ್ತ ಒಂದು ದಪ್ಪ ಪುಸ್ತಕ. ಹೊರಗೆ ಬಿಸಿಲೋ ಮಳೆಯೋ ಅವನಿಗೆ ಗೊತ್ತಿಲ್ಲ. 1794ರಲ್ಲಿ ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಯಾವ ಅಚ್ಚು ಎಲ್ಲಿಂದ ಎಲ್ಲಿಗೆ ಬಿರುಕು ಬಿಟ್ಟಿತೆಂದು ಕೇಳಿ, ಕಣ್ಣಾರೆ ಕಂಡವನಂತೆ ಹೇಳುತ್ತಾನೆ.

ತಾಮ್ರಭಕ್ತನೆಂದು ಕರೆಯೋಣ ಅವನನ್ನು. 1793ರಿಂದ 1857ರವರೆಗೆ ಅಚ್ಚಾದ ದೊಡ್ಡ ತಾಮ್ರದ ಸೆಂಟು ಅವನ ಆರಾಧ್ಯದೈವ. ಆರಂಭದ ವರ್ಷಗಳಲ್ಲಿ ಅಚ್ಚಿನ ಮೇಲೆ ಅಕ್ಷರ, ಅಂಕಿ, ಎಲೆ, ಹಣ್ಣು ಒಂದೊಂದನ್ನೂ ಕೈಯಲ್ಲೇ ಬಡಿದು ಮೂಡಿಸುತ್ತಿದ್ದರು. ಅಚ್ಚು ಬೇಗ ಸೀಳುತ್ತಿತ್ತು, ಮತ್ತೊಂದನ್ನು ಮಾಡಬೇಕಿತ್ತು. ಒಂದಿದ್ದ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ಎಲೆಯ ತುದಿ ಅಕ್ಷರದ ಕಾಲಿಗೆ ತಾಗುತ್ತದೆ, ಇನ್ನೊಂದರಲ್ಲಿ ಕೂದಲೆಳೆ ದೂರ ನಿಲ್ಲುತ್ತದೆ. ಮುಖದ ಅಚ್ಚಿಗೂ ಬೆನ್ನಿನ ಅಚ್ಚಿಗೂ ಆದ ಮದುವೆಗಳ ಪೂರ್ತಿ ಜಾತಕ ತಾಮ್ರಭಕ್ತನ ಬಾಯಲ್ಲಿದೆ: ಜೊತೆಗಾರ ಸೀಳಿಹೋದ ಮೇಲೆ ಯಾವ ಬೆನ್ನು ಯಾರ ಮನೆ ಸೇರಿತು, ಅಲ್ಲಿ ಎಷ್ಟು ದಿನ ಬಾಳಿತು, ಎಲ್ಲವೂ.

ಇವನ ಕುಲಗುರು ವಿಲಿಯಂ ಶೆಲ್ಡನ್. ವೃತ್ತಿಯಿಂದ ಮನಶ್ಶಾಸ್ತ್ರಜ್ಞ. ಲೋಕದ ಸಮಸ್ತ ಮನುಷ್ಯರ ಮೈಕಟ್ಟನ್ನು ಮೂರೇ ಮೂಲ ಮಾದರಿಗಳಿಗೆ ಇಳಿಸಿದ ಮಹಾಶಯನಿಗೆ, 1793ರಿಂದ 1814ರವರೆಗಿನ ಸೆಂಟುಗಳ ಅಚ್ಚುಜೋಡಿಗಳ ಸರದಿ ಬಂದಾಗ 295 ನಂಬರು ಕೊಟ್ಟರೂ ಸಾಕಾಗಲಿಲ್ಲ! ಕೈಗೆ ಸಿಗದಷ್ಟು ವಿರಳವಾದವನ್ನು ‘ಸಂಗ್ರಹಿಸಲಾಗದವು’ ಎಂದು ಬೇರೆ ಪಟ್ಟಿ ಮಾಡಿದ. ಅಂದಿನಿಂದ ಭಕ್ತರೆಲ್ಲ ಬೆನ್ನು ಹತ್ತಿರುವುದು ಅವನ್ನೇ. 1949ರ ಅವನ ಪುಸ್ತಕದಲ್ಲಿ ಬಂದ 70 ಅಂಕದ ಮಾಪನವನ್ನು ಈಗ ಅಮೆರಿಕದ ನಾಣ್ಯ ವ್ಯಾಪಾರವೆಲ್ಲ ಬಳಸುತ್ತದೆ. ಗುರುವಿನ ಇನ್ನೊಂದು ಮುಖ ಅವನು ಸತ್ತ ಮೇಲೆ ಹೊರಬಿತ್ತು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಒಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಅವುಗಳ ಜಾಗದಲ್ಲಿ ತನ್ನ ಕಳಪೆ ಸೆಂಟುಗಳನ್ನು ಇಟ್ಟು ಬಂದಿದ್ದ. ಹಳೆಯ ಫೋಟೊಗಳ ಜೊತೆ ತಾಳೆ ನೋಡಿ ಹಿಡಿದರು. ಈ ವಿಷಯ ಎತ್ತಿದರೆ ತಾಮ್ರಭಕ್ತ ಒಂದು ಕ್ಷಣ ತಲೆ ತಗ್ಗಿಸುತ್ತಾನೆ. ಆಮೇಲೆ, “ಆದರೂ ನೋಡಿ, ಒಂದೊಂದರ ಜಾಗದಲ್ಲೂ ಅದೇ ಅಚ್ಚುಜೋಡಿಯದನ್ನೇ ಇಟ್ಟಿದ್ದ!” ಎನ್ನುತ್ತಾನೆ.

ಸೌಂದರ್ಯದ ವಿಷಯದಲ್ಲಿ ಇವನ ಪಂಥ ಉದಾರಿ. ಫಿಲಡೆಲ್ಫಿಯಾದ ವೈದ್ಯ ಎಡ್ವರ್ಡ್ ಮಾರಿಸ್ 1869ರಲ್ಲೇ 1794ರ ಸೆಂಟುಗಳ ಸ್ವಾತಂತ್ರ್ಯದೇವಿಗೆ ಜೋಡಿಗದ್ದ, ಗಾಯದ ತಲೆ, ವಯ್ಯಾರಿ ಎಂದೆಲ್ಲ ಹೆಸರಿಟ್ಟ. 1794ರದೇ ಇನ್ನೊಂದು ಸೆಂಟಿನ ಬೆನ್ನಿನ ಅಂಚಿನಲ್ಲಿ 94 ಪುಟಾಣಿ ನಕ್ಷತ್ರಗಳಿವೆ, ಶೆಲ್ಡನ್ ನಂಬರು 48. ಏಕೆ ಕೆತ್ತಿದರೆಂಬುದಕ್ಕೆ ದಾಖಲೆಯಿಲ್ಲ. ಆದ್ದರಿಂದಲೇ ತಾಮ್ರಭಕ್ತನ ಬಳಿ ಅದಕ್ಕೆ ಹಲವು ಕಾರಣಗಳಿವೆ, ಒಂದನ್ನೂ ಬಿಡದೆ ಹೇಳುತ್ತಾನೆ.

ಆದರೆ ಅವನ ಕಣ್ಣು ನಿಜವಾಗಿ ಅರಳುವುದು ಕೆಲಸಗಾರ ಎಡವಿದ ಕಡೆ. 1801ರ ಒಂದು ಸೆಂಟನ್ನು ನನಗೆ ತೋರಿಸಿದ. ಹಿಡಿಯುವುದಕ್ಕೂ ಶಾಸ್ತ್ರವಿದೆ: ಅಂಚನ್ನು ಎರಡೇ ಬೆರಳಲ್ಲಿ, ಕೆಳಗೆ ಮಖಮಲ್ಲು, ಉಸಿರು ಬಿಗಿ. ದೇವಿಯ ಮುಖದ ಕಡೆ ನೋಡಲೂ ಬಿಡದೆ ಬೆನ್ನಿಗೆ ತಿರುಗಿಸಿದ. ‘ಯುನೈಟೆಡ್’ನ ಮೊದಲಕ್ಷರವನ್ನು ತಲೆಕೆಳಗಾಗಿ ಬಡಿದು, ಆಮೇಲೆ ಅದರ ಮೇಲೇ ನೆಟ್ಟಗೆ ಬಡಿದದ್ದರಿಂದ ಎರಡು ಕಂಬ ನಿಂತಂತೆ ಕಾಣುತ್ತದೆ. ಎಲೆಹಾರದ ಎಡತೊಟ್ಟನ್ನು ಹಾಕುವುದೇ ಮರೆತಿದೆ. ಕೆಳಗೆ ಡಾಲರಿನ ನೂರರಲ್ಲೊಂದು ಪಾಲು ಎಂದಿರಬೇಕಾದ ಕಡೆ ಒಂದರ ಕೆಳಗೆ ಮೂರು ಸೊನ್ನೆ! ಗಣಿತದ ಮೇಷ್ಟ್ರು ಕಂಡಿದ್ದರೆ ಬೆತ್ತ ಹುಡುಕುತ್ತಿದ್ದರು. ತಾಮ್ರಭಕ್ತ ಮಾತ್ರ, “ಮೂರು ತಪ್ಪು, ಒಂದೇ ಅಚ್ಚಿನಲ್ಲಿ! ಶೆಲ್ಡನ್ 219” ಎಂದು ಗದ್ಗದಿತನಾದ. ತಪ್ಪಿಲ್ಲದ ಸೆಂಟು ತೋರಿಸಿದರೆ “ಚೆನ್ನಾಗಿದೆ” ಎಂದು ಪಕ್ಕಕ್ಕಿಡುತ್ತಾನೆ.

ಚೌಕಾಸಿಯಲ್ಲಿ ಅವನ ನಟನೆ ನೋಡಬೇಕು. ಬೆಳ್ಳಿ ವ್ಯಾಪಾರಿಯ ಡಬ್ಬಿಯಲ್ಲಿ ವಿರಳ ಅಚ್ಚೊಂದು ಕಣ್ಣಿಗೆ ಬಿದ್ದರೆ ಮೊದಲು ಆಕಳಿಸುತ್ತಾನೆ. ಬೇಡದ ಒಂದು ಡಾಲರ್ ನಾಣ್ಯದ ಮೇಲೆ ಬಹಳ ಹೊತ್ತು ಗುದ್ದಾಡಿ, ಸೋತವನಂತೆ ಅದನ್ನು ಕೆಳಗಿಟ್ಟು, “ಹೋಗಲಿ, ಈ ಕರೀದನ್ನಾದರೂ ಕೊಡಿ” ಎನ್ನುತ್ತಾನೆ.

“ಮುಖವೇ ಸವೆದುಹೋಗಿದೆಯಲ್ಲ, ಯಾತಕ್ಕೆ ಇದು?”

“ಮೊಮ್ಮಗನ ಆಟಕ್ಕೆ.”

ಮೊಮ್ಮಗ ಅದನ್ನು ಮುಟ್ಟಿದರೆ ಆ ಮನೆಯಲ್ಲಿ ಅಂದು ಅನ್ನ ನೀರು ಇಲ್ಲ. ಇಷ್ಟೆಲ್ಲ ಗುಟ್ಟು ಮಾಡಿದವನಿಗೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಸಂಜೆಯೊಳಗೆ ಮೇಳಕ್ಕೆಲ್ಲ ಸುದ್ದಿ, ಕೊನೆಗೆ ಆ ವ್ಯಾಪಾರಿಗೂ. ಮುಂದಿನ ಸಲ ಅದೇ ಡಬ್ಬಿಯ ಬೆಲೆ ಮೂರು ಪಟ್ಟು.

ತಾಮ್ರವೆಂದರೆ ತೊಳೆಯುವ ಪದಾರ್ಥ ಎಂದು ತಿಳಿದು ಬೆಳೆದ ನಾನು, ನಮ್ಮ ಕಡೆ ಹುಣಸೆಹಣ್ಣು ಉಪ್ಪು ಹಾಕಿ ಉಜ್ಜಿದರೆ ಫಳಫಳ ಹೊಳೆಯುತ್ತದೆ ಎಂದೆ. ಅವನು ಸೆಂಟನ್ನು ಎದೆಗವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಹಳೆಯ ತಾಮ್ರದ ಮೇಲೆ ಕೂತ ಕಂದುಬಣ್ಣ ಹೋದರೆ ಬೆಲೆಯೂ ಹೋಯಿತು, ಮತ್ತೆ ಬರುವುದಿಲ್ಲ. ಅಮೆರಿಕದಲ್ಲಿರುವ ನಿಮ್ಮ ಮಗನೋ ಸೊಸೆಯೋ ಹಳೆ ಸಾಮಾನಿನ ಅಂಗಡಿಯಿಂದ ಇಂಥ ಕರಿ ಕಾಸೊಂದನ್ನು ತಂದುಕೊಟ್ಟರೆ, ದಯವಿಟ್ಟು ಅದನ್ನು ದೇವರ ಪಾತ್ರೆಗಳ ಜೊತೆ ತೊಳೆಯಲು ಹಾಕಬೇಡಿ.