ಉತ್ತಮಪುರುಷನ ಪೂರ್ಣಾವಸ್ಥೆ: ಆಂಗ್ಲರ ‘ಐ ಹ್ಯಾವ್’ ಕುರಿತು ಒಂದು ಗಂಭೀರ ವಿಚಾರಣೆ

ಇಂಗ್ಲಿಷಿನ ಪ್ರೆಸೆಂಟ್ ಪರ್ಫೆಕ್ಟ್ ಒಂದು ಕಾಲಸೂಚಕ ರೂಪ ಎಂದು ಶಾಲೆಗಳಲ್ಲಿ ಹೇಳಿಕೊಡುತ್ತಾರೆ. ಇದು ಶುದ್ಧ ತಪ್ಪು. ಕಾಲಕ್ಕೂ ಅದಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ಅದು ಆಸ್ತಿ ಕಾನೂನಿನ ಒಂದು ಶಾಖೆ. ದಾರಿ ತಪ್ಪಿ ವ್ಯಾಕರಣದವರ ಕೈಗೆ ಸಿಕ್ಕಿದೆ. ನಮ್ಮ ಪ್ರತಿಜ್ಞೆ ಇಷ್ಟೇ: ಉತ್ತಮಪುರುಷದಲ್ಲಿ ಮಾತಾಡುವ ಆಂಗ್ಲನು ಕೆಲಸ ಮಾಡುವುದಿಲ್ಲ, ಮಾಡಿದ್ದನ್ನು ತನ್ನ ಹೆಸರಿಗೆ ಖಾತೆ ಮಾಡಿಸಿಕೊಳ್ಳುತ್ತಾನೆ, ಖಾತೆಪತ್ರದಲ್ಲಿ ತಾರೀಖಿನ ಕಾಲಂ ಒಂದನ್ನು ಬೇಕೆಂದೇ ಖಾಲಿ ಬಿಡುತ್ತಾನೆ. ಬೀಗದ ಕೈ ಕಳೆದವನನ್ನೇ ನೋಡಿ. ‘ಐ ಲಾಸ್ಟ್ ಮೈ ಕೀಸ್’ ಎಂದರೆ ಆಮೇಲೆ ಸಿಕ್ಕಿರಲೂಬಹುದು. ‘ಐ ಹ್ಯಾವ್ ಲಾಸ್ಟ್ ಮೈ ಕೀಸ್’ ಎಂದರೆ ನಷ್ಟ ಇನ್ನೂ ಊರ್ಜಿತದಲ್ಲಿದೆ. ಬೀಗದ ಕೈ ಇಲ್ಲದಿದ್ದರೇನು, ಕಳೆದುಕೊಂಡಿರುವಿಕೆಯಾದರೂ ಅವನ ಸ್ವಾಧೀನದಲ್ಲಿದೆಯಲ್ಲ!

ಇತಿಹಾಸವೂ ನಮ್ಮ ಪರವಾಗಿಯೇ ಸಾಕ್ಷಿ ನುಡಿಯುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ಹಬ್ಬನ್’ ಎಂಬ ಧಾತು ನಿಜಕ್ಕೂ ಹೊಂದಿರುವುದನ್ನೇ ಹೇಳುತ್ತಿತ್ತು. ಶತ್ರುವನ್ನು ಕಟ್ಟಿದವನು ‘ಕಟ್ಟಿದ ಸ್ಥಿತಿಯಲ್ಲಿ ಶತ್ರು ನನ್ನ ಬಳಿ ಇದ್ದಾನೆ’ ಎನ್ನುತ್ತಿದ್ದ. ಕೃದಂತಕ್ಕೆ ಕರ್ಮಪದದ ವಿಭಕ್ತಿಯೇ ಹತ್ತುತ್ತಿತ್ತು. ಕಾಲಕ್ರಮದಲ್ಲಿ ಶತ್ರು ತಪ್ಪಿಸಿಕೊಂಡ, ಕಟ್ಟಿದ್ದು ಮಾತ್ರ ಉಳಿಯಿತು. ಆದರೂ ಬರುವುದು ಹೋಗುವುದು ಬಹುಕಾಲ ಈ ಖಾತೆಯ ಹೊರಗೇ ಇದ್ದವು. ‘ಐ ಆಮ್ ಕಮ್’ ಎಂದು ‘ಇರು’ ಧಾತುವಿನಲ್ಲೇ ಜನ ತೃಪ್ತರಾಗಿದ್ದರು. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅವೂ ‘ಹ್ಯಾವ್’ನ ಅಡಿಗೆ ಬಂದವು. ಅದೇ ಅವಧಿಯಲ್ಲಿ ಆ ಜನ ಭೂಮಂಡಲದ ಇನ್ನೂ ಅನೇಕ ವಸ್ತುಗಳನ್ನು ‘ಹ್ಯಾವ್’ನ ಅಡಿಗೆ ತಂದುಕೊಂಡದ್ದು ಬರೀ ಕಾಕತಾಳೀಯ ಎನ್ನಲು ನಮಗೆ ಧೈರ್ಯ ಸಾಲದು.

ಇನ್ನು ತಾರೀಖಿನ ಪ್ರಶ್ನೆ. ಈ ರೂಪದ ಜೊತೆ ‘ಯೆಸ್ಟರ್ಡೇ’ ಸೇರಿಸಕೂಡದು ಎಂಬುದು ರೆನ್ ಅಂಡ್ ಮಾರ್ಟಿನ್ ಓದಿದ ಪ್ರತಿಯೊಬ್ಬರಿಗೂ ಗೊತ್ತು. ಏಕೆ ಸೇರಿಸಕೂಡದು ಎಂಬುದು ಮಾತ್ರ ವಿದ್ವಾಂಸರಿಗೂ ಸುಲಭಕ್ಕೆ ದಕ್ಕಿಲ್ಲ. ಹಾನ್ಸ್ ರೈಖನ್‌ಬಾಖ್ 1947ರಲ್ಲಿ ಪ್ರತಿ ಕ್ರಿಯಾರೂಪಕ್ಕೂ ಮೂರು ಬಿಂದುಗಳನ್ನು ಕೊಟ್ಟ: ಘಟನೆಯದೊಂದು, ಮಾತಿನದೊಂದು, ನಿಂತು ನೋಡುವ ಜಾಗದ್ದೊಂದು. ಪರ್ಫೆಕ್ಟ್‌ನಲ್ಲಿ ಮೂರನೆಯದು ಘಟನೆಯನ್ನು ಬಿಟ್ಟು ಮಾತಿನ ಪಕ್ಕಕ್ಕೆ ಬಂದು ಕೂರುತ್ತದಂತೆ. ವೋಲ್ಫ್‌ಗಾಂಗ್ ಕ್ಲೈನ್ 1992ರಲ್ಲಿ ಈ ‘ಯೆಸ್ಟರ್ಡೇ’ ನಿಷೇಧವನ್ನು ಒಗಟೆಂದೇ ಕರೆದು ಒಂದು ದೀರ್ಘ ಲೇಖನ ಬರೆದ. ಇಷ್ಟೆಲ್ಲ ಶ್ರಮ ಬೇಕಿರಲಿಲ್ಲ. ಚಹಾಕೂಟದಲ್ಲಿ ಒಬ್ಬ ‘ಐ ಹ್ಯಾವ್ ರೆಡ್ ಯುಲಿಸಿಸ್’ ಎನ್ನುವುದನ್ನು ಕೇಳಿದರೆ ಸಾಕಿತ್ತು. 1922ರಲ್ಲಿ ಬಂದ ಆ ಮಹಾಕಾದಂಬರಿಯನ್ನು ‘ಕಳೆದ ಬೇಸಿಗೆಯಲ್ಲಿ ಓದಿದೆ’ ಎಂದುಬಿಟ್ಟರೆ ಕೆಟ್ಟಿತು: ಎಷ್ಟು ದಿನ ಹಿಡಿಯಿತು, ಕೊನೆಯ ಅಧ್ಯಾಯ ಹೇಗನ್ನಿಸಿತು, ಆ ಬೇಸಿಗೆಯಿಡೀ ನೀವು ಗೋವಾದಲ್ಲಿ ಇದ್ದಿರಲ್ಲವೇ ಎಂಬ ಪಾಟೀಸವಾಲು ಶುರುವಾಗುತ್ತದೆ. ‘ಹ್ಯಾವ್ ರೆಡ್’ ಎಂದವನಿಗೆ ಈ ಭಯವಿಲ್ಲ. ಓದು ಅವನ ಹೆಸರಿನಲ್ಲಿದೆ, ನೋಂದಣಿಯ ದಿನ ಯಾರಿಗೂ ಗೊತ್ತಿಲ್ಲ, ಕೇಳುವುದು ಸಭ್ಯತೆಯಲ್ಲ. ಅವನ ಪಕ್ಕದವನು ‘ಐ ಹ್ಯಾವ್ ಬೀನ್ ರೀಡಿಂಗ್ ಯುಲಿಸಿಸ್’ ಎಂದರೆ ಅವನು ಸಂಭಾವಿತ. ಮುಗಿಸಿಲ್ಲವೆಂದು ಆ ‘ಬೀನ್’ ಒಂದರಲ್ಲೇ ಒಪ್ಪಿಕೊಂಡಿದ್ದಾನೆ. ‘ಐ ಹ್ಯಾವ್ ಬೀನ್ ಮೀನಿಂಗ್ ಟು ಕಾಲ್ ಯು’ ಎಂಬುದಂತೂ ಈ ಶಾಸ್ತ್ರದ ಶಿಖರ. ಫೋನ್ ಮಾಡಲಿಲ್ಲ, ಆದರೆ ಮಾಡಬೇಕೆಂಬ ಉದ್ದೇಶ ಇಷ್ಟು ದಿನವೂ ಬಿಟ್ಟೂಬಿಡದೆ ಅವನ ಅನುಭೋಗದಲ್ಲಿತ್ತು. ಅದಕ್ಕೆ ನೀವು ಕೃತಜ್ಞರಾಗಿರಬೇಕು. ‘ಐ ವುಡ್ ಹ್ಯಾವ್ ಹೆಲ್ಪ್ಡ್’ ಎನ್ನುವವನು ಇನ್ನೊಂದು ಹೆಜ್ಜೆ ಮುಂದೆ: ಹುಟ್ಟದೇ ಇದ್ದ ಉಪಕಾರಕ್ಕೂ ಮಾಲೀಕ.

ಇಲ್ಲಿ ಪೂರ್ವಪಕ್ಷದವರು ಏಳುತ್ತಾರೆ. ಜರ್ಮನರೂ ‘ಹಾಬೆನ್’ ಬಳಸುತ್ತಾರೆ, ಅದರ ಜೊತೆ ‘ನಿನ್ನೆ’ ಎಂಬುದನ್ನೂ ನಿಶ್ಚಿಂತೆಯಿಂದ ಹೇಳುತ್ತಾರೆ. ಹಾಗಾದರೆ ಸ್ವಾಮ್ಯಕ್ಕೂ ತಾರೀಖು ಮುಚ್ಚಿಡುವುದಕ್ಕೂ ಏನು ಸಂಬಂಧ? ಸಂಬಂಧವಿಲ್ಲವೆಂದೇ ನಮ್ಮ ವಾದ. ಸ್ವಾಮ್ಯ ಧಾತುವಿನ ಗುಣ, ಮುಚ್ಚಿಡುವುದು ಆಂಗ್ಲರ ಸ್ವಂತ ಪ್ರತಿಭೆ. ಎರಡನೆಯ ಆಕ್ಷೇಪ ಅಮೆರಿಕದ್ದು. ಅಲ್ಲಿನವರು ‘ಐ ಆಲ್ರೆಡಿ ಏಟ್’ ಎಂದು ಬರಿಯ ಭೂತಕಾಲದಲ್ಲೇ ಊಟ ಮುಗಿಸುತ್ತಾರೆ. 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾದ ಪೆಟ್ಟಿಗೆಗಳನ್ನು ನೀರಿಗೆಸೆದವರು ಅವುಗಳ ಜೊತೆಗೆ ಕೆಲವು ಸಹಾಯಕ ಕ್ರಿಯಾಪದಗಳನ್ನೂ ಎಸೆದಿರಬೇಕು. ಇದಕ್ಕೆ ಪುರಾವೆ ಇಲ್ಲದಿರುವುದು ಸಮುದ್ರದ ದೋಷ. ಐರ್ಲೆಂಡಿನವರು ‘ಐ ಆಮ್ ಆಫ್ಟರ್ ಈಟಿಂಗ್’ ಎನ್ನುತ್ತಾರೆ, ಅಂದರೆ ಊಟದ ಆಚೆ ನಿಂತಿದ್ದೇನೆ ಎಂದು. ಅವರ ಐರಿಷ್ ನುಡಿಯಲ್ಲಿ ‘ಹ್ಯಾವ್’ಗೆ ಸಮನಾದ ಧಾತುವೇ ಇಲ್ಲ. ಶತಮಾನಗಳ ಕಾಲ ತಮ್ಮ ನೆಲವನ್ನೇ ಇಂಗ್ಲೆಂಡಿನಲ್ಲಿ ಕೂತ ಜಮೀನ್ದಾರರಿಗೆ ಗೇಣಿ ಕೊಟ್ಟು ಉತ್ತವರು ಊಟವನ್ನಾದರೂ ಯಾವ ಧೈರ್ಯದ ಮೇಲೆ ಖಾತೆ ಮಾಡಿಸಿಕೊಳ್ಳಬೇಕು?

ನಿಜಕ್ಕೂ ಕಷ್ಟದ ಆಕ್ಷೇಪ ಬ್ರಿಟನ್ನಿನ ಫುಟ್‌ಬಾಲ್ ಆಟಗಾರರದು. ಪಂದ್ಯ ಮುಗಿದ ಮೇಲೆ ಮೈಕಿನ ಮುಂದೆ ನಿಂತು ‘ಅವನು ಕ್ರಾಸ್ ಮಾಡಿದ್ದಾನೆ, ನಾನು ತಲೆ ಕೊಟ್ಟಿದ್ದೇನೆ, ಬಲೆಗೆ ಬಿದ್ದಿದೆ’ ಎಂದು ಇಡೀ ಗೋಲನ್ನು ಪರ್ಫೆಕ್ಟ್‌ನಲ್ಲೇ ವರದಿ ಮಾಡುವುದು ಅವರ ರೂಢಿ. ಭಾಷಾಶಾಸ್ತ್ರಜ್ಞರು ಇದನ್ನು ಗಂಭೀರವಾಗಿಯೇ ಅಭ್ಯಾಸ ಮಾಡಿದ್ದಾರೆ. ಆಸ್ಟ್ರೇಲಿಯಾದ ಪೊಲೀಸರ ಹೇಳಿಕೆಗಳಲ್ಲೂ ಇದೇ ಧಾಟಿ ಕಂಡಿದೆ. ಗೋಲು ಬಿದ್ದ ನಿಮಿಷ ಫಲಕದ ಮೇಲೇ ಇರುವಾಗ ತಾರೀಖು ಮುಚ್ಚಿಡುವ ಮಾತೆಲ್ಲಿ ಬಂತು? ನಮ್ಮ ಸಮಾಧಾನ: ಇಲ್ಲಿ ತಾರೀಖಿಗೆ ಕ್ಯಾಮೆರಾ ಜಾಮೀನು ನಿಂತಿದೆ, ಆಟಗಾರನಿಗೆ ಉಳಿದಿರುವುದು ಹಕ್ಕುಪತ್ರದ ಕೆಲಸ ಮಾತ್ರ. ಪೊಲೀಸರ ವಿಷಯವನ್ನು ಸದ್ಯಕ್ಕೆ ಮುಟ್ಟದಿರುವುದು ಕ್ಷೇಮ.

ಕನ್ನಡಿಗನ ಪಾಡು ಬೇರೆ. ನಮ್ಮ ‘ನೋಡಿದ್ದೇನೆ’ ಎಂಬುದು ‘ನೋಡಿ’ಗೆ ‘ಇರು’ ಹಚ್ಚಿ ಆದದ್ದು. ಅಲ್ಲಿ ಆಸ್ತಿಯ ಸೊಲ್ಲೇ ಇಲ್ಲ. ‘ನಿನ್ನೆ ತಾನೇ ನೋಡಿದ್ದೇನೆ’ ಎಂದು ನಾವು ಕೇಳದಿದ್ದರೂ ದಿನ ಸಮೇತ ಹೇಳುತ್ತೇವೆ. ಆಂಗ್ಲನು ಮಾಡಿದ್ದನ್ನು ಮನೆಗೆ ಒಯ್ಯುತ್ತಾನೆ, ನಾವು ಮಾಡಿ ಅಲ್ಲೇ ನಿಂತಿರುತ್ತೇವೆ, ಸಿಕ್ಕಿಬೀಳಲು. ಈ ಮುಗ್ಧತೆಯನ್ನೇ ಇಂಗ್ಲಿಷಿಗೆ ಒಯ್ದು ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್ಡೇ’ ಎಂದಾಗ ಮೇಷ್ಟ್ರು ಕೆಂಪು ಶಾಯಿ ಎಳೆಯುವುದು ವ್ಯಾಕರಣದ ತಪ್ಪಿಗಲ್ಲ, ವಕೀಲರಿಲ್ಲದೆ ಬಾಯಿಬಿಟ್ಟದ್ದಕ್ಕೆ.

ಕೊನೆಗೆ ಆಸ್ತಿವಾದಿಗಳೇ ಕೇಳಬಹುದು: ಇದು ಆಸ್ತಿಯಾದರೆ ಪರಭಾರೆ ಆಗಬೇಕಲ್ಲ? ಆಗುವುದಿಲ್ಲ. ಐನ್‌ಸ್ಟೈನ್ ತೀರಿಕೊಂಡ ಮೇಲೆ ‘ಐನ್‌ಸ್ಟೈನ್ ಹ್ಯಾಸ್ ವಿಸಿಟೆಡ್ ಪ್ರಿನ್ಸ್‌ಟನ್’ ಎನ್ನುವುದು ಸಲ್ಲದೆಂದು ಚಾಮ್ಸ್ಕಿ ಗಮನಿಸಿದ್ದು ಇದನ್ನೇ. ಬದುಕಿರುವವರೆಗೆ ಪ್ಯಾರಿಸ್ ನೋಡಿರುವಿಕೆ, ಯುಲಿಸಿಸ್ ಓದಿರುವಿಕೆ, ಫೋನ್ ಮಾಡಬೇಕೆಂದಿರುವಿಕೆ ಎಲ್ಲವೂ ಅವನವೇ; ಉಸಿರು ನಿಂತ ಗಳಿಗೆ ಅಷ್ಟೂ ಸಾಮಾನ್ಯ ಭೂತಕಾಲಕ್ಕೆ ಜಪ್ತಿಯಾಗುತ್ತವೆ. ಮಕ್ಕಳಿಗೆ ಮನೆ ಸಿಗುತ್ತದೆ, ‘ಹ್ಯಾವ್’ ಸಿಗುವುದಿಲ್ಲ. ಸತ್ತವರ ಆಸ್ತಿಯ ಮೇಲೆ ಶೇಕಡಾ 40ರವರೆಗೆ ತೆರಿಗೆ ಹಾಕುವ ಬ್ರಿಟಿಷ್ ಖಜಾನೆಯೂ ಈ ಒಂದು ಬಾಬತ್ತಿನಲ್ಲಿ ಈವರೆಗೆ ಒಂದು ಪೆನ್ನಿಯನ್ನೂ ವಸೂಲು ಮಾಡಿಲ್ಲ.