ಕೈಗೆಟುಕುವ ಮಾವು

ಡೊಂಬಿವಲಿಯ ನಮ್ಮ ಚಾಳಿನ ಹಿಂಬದಿಯಲ್ಲಿ, ಗಟಾರಕ್ಕೂ ಬಟ್ಟೆ ಒಗೆಯುವ ಕಲ್ಲಿಗೂ ನಡುವೆ ದೈವವಶಾತ್ ಉಳಿದುಕೊಂಡಿರುವ ಹತ್ತಡಿ ಉದ್ದ, ಒಂಬತ್ತಡಿ ಅಗಲದ ಭೂಭಾಗವನ್ನು ನಾನು ಹಿತ್ತಲೆಂದು ಕರೆಯುತ್ತೇನೆ. ಊರಿನಿಂದ ಬಂದ ಬಂಧುಗಳು ಮರ್ಯಾದೆಗಾಗಿ ಸುಮ್ಮನಿರುತ್ತಾರೆ. ಧಾರವಾಡದ ಪೇರಲಗಿಡಗಳ ಮೇಲೆಯೇ ಅರ್ಧ ಬಾಲ್ಯವನ್ನು ಕಳೆದ ನನಗೆ ಫಲವೃಕ್ಷವಿಲ್ಲದ ಗೃಹಸ್ಥಾಶ್ರಮವು ಅಪೂರ್ಣವೆಂದೇ ತೋರುತ್ತಿತ್ತು.

ಮೊದಲು ನೆಟ್ಟದ್ದು ಪಪ್ಪಾಯಿ. ಅದರಲ್ಲಿ ಗಂಡುಗಿಡವೆಂಬುದೊಂದು ಬೇರೆಯೇ ಉಂಟೆಂದು ನನಗೆ ತಿಳಿದದ್ದು, ನಮ್ಮ ಗಿಡವು ಉದ್ದನೆಯ ಜೋಲುಗೊಂಚಲುಗಳಲ್ಲಿ ಹೂ ತೂಗಿಬಿಟ್ಟು, ಅಲ್ಲಿಗೆ ತನ್ನ ಕರ್ತವ್ಯವು ಮುಗಿಯಿತೆಂಬಂತೆ ನಿಂತುಬಿಟ್ಟಾಗ. "ಮನ್ಯಾಗ ಇಂಥಾದ್ದು ಒಂದ ಇದ್ದದ್ದು ಸಾಲದಿತ್ತೇನ್ರೀ?" ಎಂದು ಗೃಹಿಣಿಯು ಕೇಳಿದ ಪ್ರಶ್ನೆಗೆ ಸಸ್ಯಶಾಸ್ತ್ರದಲ್ಲಿ ಉತ್ತರವಿರಲಿಲ್ಲ.

ಬಳಿಕ ಕಲ್ಯಾಣದ ಸಸಿ ಮಾರುವವನೊಬ್ಬನು ಆಮ್ರಪಾಲಿಯನ್ನು ಸೂಚಿಸಿದನು. ದಸೇರಿ, ನೀಲಂಗಳ ಸಂಕರದಿಂದ 1970ರ ದಶಕದಲ್ಲಿ ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯು ಪಡೆದ ಈ ಕುಳ್ಳ ಮಾವನ್ನು ಎರಡೂವರೆ ಮೀಟರಿಗೊಂದರಂತೆ ಹೆಕ್ಟೇರಿಗೆ 1600 ನೆಡಬಹುದೆಂದು ಓದಿ, ನನ್ನ ಸಾಮ್ರಾಜ್ಯಕ್ಕೆ ಲೆಕ್ಕ ಹಾಕಲಾಗಿ, ಸುಮಾರು ಒಂದೂಕಾಲು ಮರವು ಬಂದಿತು. ಕಾಲನ್ನು ಬಿಟ್ಟು ಒಂದನ್ನು ಕೊಂಡು, ಎದೆಗವಚಿಕೊಂಡು ಲೋಕಲ್ ಗಾಡಿ ಹತ್ತಿದೆ. ಕಲ್ಯಾಣಕ್ಕೂ ಡೊಂಬಿವಲಿಗೂ ನಡುವೆ ಇರುವುದು ಠಾಕುರ್ಲಿಯೊಂದೇ; ಅಷ್ಟರೊಳಗೆ ಒಬ್ಬರು ಕಸಿಯ ಗಂಟನ್ನು ಮಣ್ಣಿನಲ್ಲಿ ಹೂಳಬಾರದೆಂದೂ, ಇನ್ನೊಬ್ಬರು ಗಂಟಿನ ಕೆಳಗೆ ಚಿಗುರಿದ್ದನ್ನು ಚಿವುಟಬೇಕೆಂದೂ, ಮೂರನೆಯವರು ಆಪೂಸನ್ನಲ್ಲದೆ ಬೇರೆಯದನ್ನು ನೆಡುವವನು ಕೊಂಕಣದಲ್ಲಿರಲು ಅರ್ಹನಲ್ಲವೆಂದೂ ಬೋಧಿಸಿದರು.

ನಾಲ್ಕನೆಯ ವರ್ಷ ಮರವು ಫಲಿಸಿತು. ಏಣಿ ಬೇಡ, ದೋಟಿ ಬೇಡ, ನಿಂತಲ್ಲಿಂದಲೇ ಕೊಯ್ಯಬಹುದೆಂಬ ಯಾವ ಗುಣಕ್ಕಾಗಿ ನಾನದನ್ನು ವರಿಸಿದ್ದೆನೋ, ಆ ಗುಣವು ಚಾಳಿನ ಸಮಸ್ತ ಬಾಲಕರಿಗೂ, ಅಂಚೆಯವನಿಗೂ ಸಮಾನವಾಗಿ ಉಪಯುಕ್ತವೆಂಬುದು ಆಗ ಹೊಳೆಯಿತು. ಮೇಲಾಗಿ ಅದು ತಡವಾಗಿ ಮಾಗುವ ಜಾತಿ; ಆದ್ದರಿಂದ ಕಾವಲಿನ ದಿನಗಳೂ ಹೆಚ್ಚು. ಆಪೂಸಿನಂತೆ ವರ್ಷ ಬಿಟ್ಟು ವರ್ಷ ಫಲಿಸುವುದಾಗಿದ್ದರೆ ನಡುವಿನ ಒಂದು ವರ್ಷವಾದರೂ ನನಗೆ ಮನಶ್ಶಾಂತಿ ಇರುತ್ತಿತ್ತು; ಆಮ್ರಪಾಲಿಯೋ ಪ್ರತಿವರ್ಷವೂ ತಪ್ಪದೆ ಕಾಯಿ ಬಿಡುತ್ತದೆ.

ಈ ಅಕ್ಷಯ ತದಿಗೆಯಂದು ಎಣಿಸಿದಾಗ ಕಾಯಿಗಳು 41 ಇದ್ದವು. ಮಳೆಗಾಲಕ್ಕೆ ಮುಂಚೆ ನಮಗೆ ದಕ್ಕಿದ್ದು ಮೂರು ಹಣ್ಣು; ಒಂದನ್ನು ಕಾಗೆಯು ಮೊದಲೇ ಪರೀಕ್ಷಿಸಿತ್ತು. ಮರುವಾರ ಪಕ್ಕದ ಮನೆಯ ವಹಿನಿಯವರು, "ಕಾಕಾ, ಮನೆಯಲ್ಲೇ ಮಾಡಿದ್ದು" ಎಂದು ಒಂದು ಭರಣಿ ಮಾವಿನ ಉಪ್ಪಿನಕಾಯಿಯನ್ನು ಕೊಟ್ಟುಹೋದರು. ಯಾವ ಮನೆಯ ಮಾವೆಂದು ನಾನು ಕೇಳಲಿಲ್ಲ. ಉಪ್ಪಿನಕಾಯಿ ಬಹಳ ಚೆನ್ನಾಗಿತ್ತು.